ತಗಡಿಗೆ ಹೊಟ್ಟೆ ಬಂದ ಬಗೆ

ವರ್ಷವೊಂದಕ್ಕೆ 3,500 ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ, ಜೂನ್ ತಿಂಗಳ ಮೊದಲಲ್ಲಿ ಹಟ್ಟಿಯ ಬದಿಗೆ ಒರಗಿಸಿಟ್ಟ ಹಳೆಯ ಜಾವಾ ಅಥವಾ ಯೆಜ್ದಿ ಗಾಡಿಯು, ಆಟಿ ಕಳೆದು ಸೋಣ ಬರುವಷ್ಟರಲ್ಲಿ, ಹೊರನೋಟಕ್ಕೆ ಇದ್ದ ಹಾಗೆಯೇ ಇದ್ದು ಒಳಗೊಳಗೇ ಕ್ಷಯಿಸಲಾರಂಭಿಸಿರುತ್ತದೆ. ಅರ್ಧ ಬರಿದಾದ ಪೆಟ್ರೋಲ್ ಟ್ಯಾಂಕಿನ ಮೇಲುಭಾಗವನ್ನು ತುಂಬಿಕೊಂಡ ಗಾಳಿಯು ಹಗಲಿನ ಕಾವಿಗೆ ಹಿಗ್ಗಿ ಮುಚ್ಚಳದ ಸಣ್ಣ ರಂಧ್ರದಿಂದ ಹೊರಬಿದ್ದು, ಇರುಳು ಕುಗ್ಗುವಾಗ ಹೊರಗಿನ ಆರ್ದ್ರ ವಾಯುವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಆ ತೇವವು ತಣ್ಣನೆಯ ಉಕ್ಕಿನ ಗೋಡೆಗೆ ತಾಗಿ ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದುದರಿಂದ ಕೆಳಗಿಳಿದು, ಎಲ್ಲಕ್ಕಿಂತ ತಗ್ಗಿನಲ್ಲಿರುವ ಬೆಸುಗೆಯ ಅಂಚಿನಲ್ಲಿ ನೆಲೆಯಾಗುತ್ತದೆ. ಮಳೆ ಹೊಳವಾದ ಮೇಲೆ ಗಾಡಿ ಹೊರಡಿಸಲು ಹೋದವನಿಗೆ ಕಾಕಿನ ಜಾಲರಿಯಲ್ಲಿ ಕೆಂಪು ಹುಡಿ ಕಾಣುತ್ತದೆ. ಇನ್ನೆರಡು ಮಳೆಗಾಲ ಕಳೆದರೆ ಟ್ಯಾಂಕಿನ ಅಡಿಯಲ್ಲಿ ಪೆಟ್ರೋಲು ಜಿನುಗತೊಡಗುತ್ತದೆ.

2023ರ ಫೆಬ್ರುವರಿಯಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿ ಚಾಲನೆ ದೊರೆತ ಬಳಿಕ ಈ ವ್ಯಾಧಿಗೆ ಮತ್ತೊಂದು ಕಾರಣವೂ ಸೇರಿತು. ಎಥನಾಲಿಗೆ ನೀರಿನ ಮೇಲೆ ಮೋಹ. ನೀರು ಸ್ವಲ್ಪವಿದ್ದರೆ ಅದನ್ನು ತನ್ನಲ್ಲಿ ಕರಗಿಸಿಕೊಂಡು ಎಂಜಿನಿನಲ್ಲಿ ಸುಟ್ಟುಹೋಗುವ ಅದು, ನೀರು ಮಿತಿ ಮೀರಿತೆಂದರೆ ಪೆಟ್ರೋಲನ್ನು ತೊರೆದು ನೀರಿನೊಡನೆ ತಳಕ್ಕಿಳಿಯುತ್ತದೆ. ದಿನವೂ ಓಡುವ ಗಾಡಿಗೆ ಇದರಿಂದ ವಿಶೇಷ ಬಾಧೆಯಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಗೆ ಇದೆ.

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾಗಳನ್ನೂ, 1973ರ ತರುವಾಯ ಯೆಜ್ದಿಗಳನ್ನೂ ನಿರ್ಮಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿದಂದಿನಿಂದ ಆ ಗಾಡಿಗಳಿಗೆ ಕಾರ್ಖಾನೆಯ ಹೊಸ ಟ್ಯಾಂಕು ದೊರೆಯುವಂತಿಲ್ಲ. ತೂತಿಗೆ ಎಂ-ಸೀಲ್ ಮೆತ್ತಿ ಒಂದು ವರ್ಷ ದೂಡಬಹುದು. ತೆಳುವಾದ ತಗಡಿನಲ್ಲಿ ಮಾಡಿದ ಡೂಪ್ಲಿಕೇಟ್ ಟ್ಯಾಂಕನ್ನು ತಂದು ಕೂರಿಸಿ ಅದೂ ತುಕ್ಕು ಹಿಡಿಯುವುದನ್ನು ಕಾಯಬಹುದು. ಅಥವಾ, ಸಹನೆಯೂ ಹಣವೂ ಇದ್ದವನಾದರೆ, ತುಕ್ಕೆಂಬುದೇ ಇಲ್ಲದ ಅಲ್ಯೂಮಿನಿಯಮ್ಮಿನಲ್ಲಿ ಅದೇ ಆಕಾರದ ಟ್ಯಾಂಕನ್ನು ಕೈಯಿಂದಲೇ ಬಡಿಸಿಕೊಳ್ಳಬಹುದು. ಈ ಮೂರನೆಯ ದಾರಿಯನ್ನು ಕೇವಲ ಶೋಕಿಯೆಂದು ತಳ್ಳಿಹಾಕುವವರ ಪಕ್ಷ ನನ್ನದಲ್ಲ. ಬಯಲುಸೀಮೆಯಲ್ಲಿ ಅದು ಶೋಕಿಯಾಗಿದ್ದೀತು. ಕುಮಾರಧಾರೆ, ಪಯಸ್ವಿನಿಗಳ ದಡದಲ್ಲಿ ಅದಕ್ಕೆ ಸಕಾರಣವಾದ ಸಮರ್ಥನೆಯಿದೆ.

ಗಾಡಿ ಹಗುರವಾಗುವುದೆಂಬ ವಾದವನ್ನು ಮಾತ್ರ ನಾನು ಅಷ್ಟಾಗಿ ಮನ್ನಿಸಲಾರೆ. ಮಾಂಕ್ಸ್ ನಾರ್ಟನ್, ಬಿಎಸ್‌ಎ ಗೋಲ್ಡ್ ಸ್ಟಾರ್ ಮೊದಲಾದ ಆಂಗ್ಲ ಪಂದ್ಯದ ಗಾಡಿಗಳ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದ ಅಲ್ಯೂಮಿನಿಯಂ ಟ್ಯಾಂಕುಗಳಿಗೆ ಹಗುರತನವೇ ಪ್ರಯೋಜನವಾಗಿತ್ತು, ನಿಜ. ಆದರೆ ಘನ ಸೆಂಟಿಮೀಟರಿಗೆ ಉಕ್ಕು 7.85 ಗ್ರಾಮ್, ಅಲ್ಯೂಮಿನಿಯಂ 2.7 ಗ್ರಾಮ್ ತೂಗಿದರೂ, ಮೃದುಲೋಹವಾದುದರಿಂದ ಅಲ್ಯೂಮಿನಿಯಂ ತಗಡನ್ನು ಉಕ್ಕಿನದಕ್ಕಿಂತ ದಪ್ಪವಾಗಿಯೇ ಇಡಬೇಕಾಗುತ್ತದೆ: ಉಕ್ಕು 1 ಮಿಲಿಮೀಟರ್ ಸಾಕಾದಲ್ಲಿ ಅಲ್ಯೂಮಿನಿಯಂ 1.6ರಿಂದ 2 ಮಿಲಿಮೀಟರ್ ಬೇಕು. ಲೆಕ್ಕ ಹಾಕಿದರೆ ಉಳಿತಾಯವು ಸುಮಾರು ಮೂರನೆಯ ಒಂದು ಪಾಲಿನಿಂದ ಅರ್ಧದೊಳಗೆ ನಿಲ್ಲುತ್ತದೆ. ಎರಡು ಲೀಟರ್ ಪೆಟ್ರೋಲ್ ಕಡಿಮೆ ತುಂಬಿಸಿದರೂ ಹೆಚ್ಚುಕಡಿಮೆ ಅಷ್ಟೇ ಭಾರ ಇಳಿದೀತು.

ಈ ಲೋಹವನ್ನು ಬಡಿಯುವ ವಿದ್ಯೆ ನಮಗೆ ಹೊಸತೆಂದು ಭಾವಿಸಬೇಕಾಗಿಲ್ಲ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬಿಬ್ಬರು ಒಬ್ಬರನ್ನೊಬ್ಬರು ಅರಿಯದೆ ವಿದ್ಯುತ್ತಿನಿಂದ ಅಲ್ಯೂಮಿನಿಯಮ್ಮನ್ನು ಬೇರ್ಪಡಿಸುವ ಸುಲಭೋಪಾಯವನ್ನು ಕಂಡುಹಿಡಿದು, ಅದುವರೆಗೆ ಅಮೂಲ್ಯವಾಗಿದ್ದ ಲೋಹವನ್ನು ಸಾಮಾನ್ಯರ ಕೈಗೆಟುಕಿಸಿದರು. ಒಂದೂವರೆ ದಶಕ ತುಂಬುವುದರೊಳಗೆ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿಯು, ಹಿತ್ತಾಳೆ ತಾಮ್ರಗಳಲ್ಲಿ ಪಳಗಿದ ಕುಶಲಕರ್ಮಿಗಳ ಕೈಗೆ ಅಲ್ಯೂಮಿನಿಯಂ ತಗಡನ್ನು ಕೊಟ್ಟು ಪಾತ್ರೆಗಳನ್ನು ಮಾಡಿಸತೊಡಗಿದ್ದನು. ಪುತ್ತೂರು ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು. ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನೂ ಆದನು. ಇಂದು ಸುಳ್ಯ ಕಡಬಗಳ ರಬ್ಬರು ತೋಟಗಳಲ್ಲಿ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸುವ ಟ್ರೇಗಳು ಅಲ್ಯೂಮಿನಿಯಮ್ಮಿನವು. ತಾಮ್ರದ ಸೋಂಕು ರಬ್ಬರಿನ ಬಾಳಿಕೆಯನ್ನೇ ಕೆಡಿಸುವುದೆಂದು ತಿಳಿದವರು ಈ ಬಿಳಿಯ ಲೋಹವನ್ನು ಆರಿಸಿಕೊಂಡರು.

ಟ್ಯಾಂಕಿನ ಕೆಲಸ ಸುತ್ತಿಗೆಯಿಂದ ಆರಂಭವಾಗುವುದಿಲ್ಲ. ಮೊದಲು ಹಳೆಯ ಟ್ಯಾಂಕಿನ, ಅಥವಾ ಮನಸ್ಸಿನಲ್ಲಿರುವ ಹೊಸ ಆಕಾರದ, ಒಂದು ಅಚ್ಚು ಬೇಕು. ಹಲಸಿನ ಹಲಗೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಆಯಾ ವಕ್ರರೇಖೆಗೆ ಕೊರೆದು ಒಂದರೊಳಗೊಂದು ಸಿಕ್ಕಿಸಿ ನಿಲ್ಲಿಸಿದ ಚೌಕಟ್ಟಾದರೂ ಸರಿ. ತಗಡು ಎಲ್ಲಿ ಆಕಾರಕ್ಕೆ ಕೂತಿದೆ, ಎಲ್ಲಿ ಕೂತಿಲ್ಲ ಎಂಬುದನ್ನು ತೋರಿಸುವುದಷ್ಟೇ ಅದರ ಕೆಲಸ, ಬಡಿತವನ್ನು ತಾಳುವುದಲ್ಲ. ಅದರ ಮೇಲೆ ಕಾಗದ ಹೊದಿಸಿ ನೋಡಿದರೆ, ಕಾಗದ ಸುಕ್ಕಾಗುವಲ್ಲಿ ಲೋಹವನ್ನು ಕುಗ್ಗಿಸಬೇಕೆಂದೂ, ಹರಿಯುವಲ್ಲಿ ಹಿಗ್ಗಿಸಬೇಕೆಂದೂ ಬಲ್ಲವನಿಗೆ ಅಲ್ಲಿಯೇ ತಿಳಿಯುತ್ತದೆ. ಇಡೀ ಟ್ಯಾಂಕನ್ನು ಒಂದೇ ತಗಡಿನಿಂದ ಎಬ್ಬಿಸುವುದು ಯಾರಿಂದಲೂ ಆಗದು. ಎಡ ಬಲ ಮಗ್ಗುಲುಗಳಿಗೆ ಎರಡು ತುಂಡುಗಳು, ಗಾಡಿಯ ಬೆನ್ನೆಲುಬಿನ ಕೊಳವೆಯನ್ನು ತಬ್ಬಿ ಕೂರುವ ನಡುವಿನ ಸುರಂಗಕ್ಕೆ ಒಂದು, ತಳಕ್ಕೆ ಎರಡು ಎಂದು ಹಂಚಿಕೊಳ್ಳುವುದು ವಾಡಿಕೆ.

ಪೇಟೆಯಲ್ಲಿ ದೊರೆಯುವ ತಗಡು ಬಹುಮಟ್ಟಿಗೆ ಅರ್ಧ ಗಡುಸಾಗಿರುತ್ತದೆ. ಅದನ್ನು ಕಾಯಿಸಿ ಮೆದುವಾಗಿಸದೆ ಬಡಿದರೆ ಸೀಳುತ್ತದೆ. ಇಲ್ಲೊಂದು ಅಪಾಯವಿದೆ: ಕಬ್ಬಿಣವು ಕಾದಂತೆ ಕೆಂಪಗಾಗಿ ಕಮ್ಮಾರನಿಗೆ ಮುನ್ಸೂಚನೆ ಕೊಡುತ್ತದೆ, ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸದೆ 660 ಡಿಗ್ರಿಯಲ್ಲಿ ತಟ್ಟನೆ ಕರಗಿ ನೆಲಕ್ಕೆ ಬೀಳುತ್ತದೆ. ಆದಕಾರಣ ಅನುಭವಿಗಳು ಒಂದು ಉಪಾಯವನ್ನು ಅನುಸರಿಸುತ್ತಾರೆ. ಆಕ್ಸಿಜನ್ ಬೆರೆಸದ ಅಸಿಟಿಲೀನಿನ ಹೊಗೆಯುರಿಯಿಂದ ತಗಡಿಗೆಲ್ಲ ಕರಿ ಹಿಡಿಸಿ, ಬಳಿಕ ಸರಿಯಾದ ಉರಿಯನ್ನು ಮೆಲ್ಲನೆ ಆಡಿಸುತ್ತ ಬಂದರೆ, ಕರಿ ಸುಟ್ಟು ಮಾಯವಾಗುವ ಹೊತ್ತಿಗೆ ಲೋಹವು ಮೆದುವಾಗಲು ಬೇಕಾದ ಸುಮಾರು 400 ಡಿಗ್ರಿಯನ್ನು ಮುಟ್ಟಿರುತ್ತದೆ. ಬಟ್ಟೆ ಒಗೆಯುವ ಸಾಬೂನು ಸವರಿ ಅದು ಕಪ್ಪಾಗುವುದನ್ನು ಕಾಯುವವರೂ ಉಂಟು. ಬಡಿದಂತೆಲ್ಲ ಲೋಹ ಮತ್ತೆ ಗಡುಸಾಗುವುದರಿಂದ ಈ ಕ್ರಿಯೆಯನ್ನು ಮರಳಿ ಮರಳಿ ಮಾಡಬೇಕು.

ಇನ್ನು ಬಡಿತ. ಹುಣಸೆಮರದ ಚೇಗಿನಿಂದ ಕಡೆದ, ಮೂತಿ ದುಂಡಗಾದ ಕೊಡತಿಯೊಂದು. ಹೊಳೆಯ ಮರಳನ್ನು ಬಿಗಿಯಾಗಿ ತುಂಬಿ ಹೊಲಿದ ಚರ್ಮದ ಚೀಲವೊಂದು. ಚೀಲದ ಮೇಲೆ ತಗಡನ್ನಿಟ್ಟು ಕೊಡತಿಯಿಂದ ಹೊಡೆದಾಗ ಬಿದ್ದಲ್ಲಿ ಲೋಹ ತೆಳುವಾಗಿ ಹಿಗ್ಗುತ್ತದೆ, ಅಂಚಿನಲ್ಲಿ ನೆರಿಗೆಗಳೇಳುತ್ತವೆ. ಅಡಕೆಯ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಊಟದ ಬಟ್ಟಲು ಮಾಡುವುದನ್ನು ಕಂಡವರಿಗೆ ಇದು ಕೂಡಲೆ ಮನದಟ್ಟಾದೀತು: ನಡು ತಗ್ಗಿದೊಡನೆ ಅಂಚಿನ ಸುತ್ತಳತೆ ಬೇಕಾದುದಕ್ಕಿಂತ ಹೆಚ್ಚಾಗಿ, ಹೋಗಲು ಎಡೆಯಿಲ್ಲದ ಹೆಚ್ಚಿನ ಹಾಳೆಯು ಸುಕ್ಕಾಗಿ ನಿಲ್ಲುತ್ತದೆ. ಹಾಳೆಯ ಬಟ್ಟಲಿಗೆ ಆ ಸುಕ್ಕು ಶೋಭೆ. ಟ್ಯಾಂಕಿಗೆ ಅದು ಸಲ್ಲದು. ನುರಿತ ಕೈಯು ಆ ನೆರಿಗೆಯನ್ನು ಚಪ್ಪಟೆಯಾಗಲು ಬಿಡದೆ, ಒಂದರ ಮೇಲೊಂದು ಮಡಚಿಕೊಳ್ಳಲೂ ಬಿಡದೆ, ತುದಿಯಿಂದ ಒಳಕ್ಕೆ ಸಣ್ಣ ಸಣ್ಣ ಏಟುಗಳಿಂದ ಅದನ್ನು ತನ್ನೊಳಗೆ ತಾನೇ ಅಡಗುವಂತೆ ಮಾಡುತ್ತದೆ. ಆಗ ಅಂಚು ದಪ್ಪವಾಗಿ ಕುಗ್ಗುತ್ತದೆ. ನಡುವನ್ನು ಹಿಗ್ಗಿಸುವುದು ಸುಲಭ, ಅಂಚನ್ನು ಕುಗ್ಗಿಸುವುದು ಕಠಿನ. ಸುಲಭವಾದುದನ್ನೇ ನೆಚ್ಚಿ ಬಡಿಯುತ್ತ ಹೋದವನ ಟ್ಯಾಂಕು ಕಣ್ಣಿಗೆ ದುಂಡಗೆ ಕಂಡರೂ ಮೊಣಕಾಲು ಒತ್ತುವಲ್ಲಿ ಕಾಗದದಷ್ಟು ತೆಳುವಾಗಿರುತ್ತದೆ. ಎಷ್ಟು ಬಲವಾಗಿ ಬಡಿದನೆಂಬುದಕ್ಕಿಂತ ಎಲ್ಲಿಂದ ಲೋಹವನ್ನು ತಂದು ಎಲ್ಲಿ ಕೂಡಿಸಿದನೆಂಬುದರಲ್ಲಿಯೇ ಈ ಕೆಲಸದ ಸಮಸ್ತ ಜಾಣ್ಮೆಯೂ ಅಡಗಿದೆಯೆಂದು ನಾನು ತಿಳಿಯುತ್ತೇನೆ.

ಹೀಗೆ ಒರಟಾಗಿ ಉಬ್ಬಿದ ತುಂಡನ್ನು ನಯಗೊಳಿಸಲು ಇಂಗ್ಲಿಷ್ ವೀಲ್ ಎಂಬ ಸಾಧನವಿದೆ. ಮೇಲೆ ಚಪ್ಪಟೆ ಮುಖದ ದೊಡ್ಡ ಚಕ್ರ, ಕೆಳಗೆ ಉಬ್ಬು ಮುಖದ ಚಿಕ್ಕ ಚಕ್ರ. ನಡುವೆ ತಗಡನ್ನು ಸಿಕ್ಕಿಸಿ ಹಿಂದಕ್ಕೂ ಮುಂದಕ್ಕೂ ಎಳೆದಾಡಿದರೆ ಉಬ್ಬುತಗ್ಗುಗಳು ಅಡಗಿ, ವಕ್ರತೆಯು ಏಕರೀತಿಯಾಗುತ್ತದೆ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಮಾನಗಳನ್ನಲ್ಲದೆ ರೈಲು ಬೋಗಿಗಳನ್ನೂ ಕಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಈ ನಾಡಿನಲ್ಲಿ ತಗಡಿನ ವಿದ್ಯೆಗೊಂದು ದೊಡ್ಡ ಪಾಠಶಾಲೆಯಾಯಿತು. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಮೈಯೆಲ್ಲ ಲೋಹದ ಹಾಳೆಯೇ. ಇಂಗ್ಲಿಷ್ ವೀಲ್ ಇಲ್ಲದಿದ್ದರೂ ಟ್ಯಾಂಕಿನ ಕೆಲಸ ನಿಲ್ಲುವುದಿಲ್ಲ. ಒಳಗಿನಿಂದ ದುಂಡು ಉಕ್ಕಿನ ಆಸರೆ ಕೊಟ್ಟು ಹೊರಗಿನಿಂದ ನುಣುಪು ಸುತ್ತಿಗೆಯಿಂದ ತಟ್ಟುತ್ತ ಬರುವುದು ಜೀಪು, ಕಾರುಗಳ ಡೆಂಟ್ ತೆಗೆಯುವ ಯಾವ ಟಿಂಕರಿಂಗ್ ಶೆಡ್ಡಿನವನಿಗೂ ಗೊತ್ತಿರುವ ಕೆಲಸ. ಅವನು ಅಲ್ಯೂಮಿನಿಯಮ್ಮಿಗೆ ಹೊರಳಿದಾಗ ಮರೆಯಬೇಕಾದುದು ಒಂದೇ: ಕೊನೆಗೆ ಪುಟ್ಟಿ ಮೆತ್ತಿ ಸರಿಮಾಡಬಹುದೆಂಬ ಧೈರ್ಯ.

ತುಂಡುಗಳನ್ನು ಬೆಸೆಯುವಲ್ಲಿ ಈ ಲೋಹ ಮತ್ತೊಮ್ಮೆ ಹಟ ಹೂಡುತ್ತದೆ. ಗಾಳಿ ತಾಗಿದ ಕ್ಷಣವೇ ಅದರ ಮೈಮೇಲೆ ಅಗೋಚರವಾದ ಆಕ್ಸೈಡಿನ ಪೊರೆಯೊಂದು ಕಟ್ಟುತ್ತದೆ. ಈ ಪೊರೆಯೇ ಅದನ್ನು ತುಕ್ಕಿನಿಂದ ಕಾಯುವುದು. ಆದರೆ ಲೋಹವು 660 ಡಿಗ್ರಿಯಲ್ಲಿ ಕರಗಿದರೆ ಪೊರೆ ಕರಗಲು 2,000 ಡಿಗ್ರಿಗೂ ಮೀರಿದ ತಾಪ ಬೇಕು. ಒಳಗೆ ಲೋಹ ನೀರಾಗಿದ್ದರೂ ಪೊರೆಯು ಎರಡು ಅಂಚುಗಳನ್ನು ಕೂಡಗೊಡುವುದಿಲ್ಲ. ಗ್ಯಾಸ್ ವೆಲ್ಡಿಂಗಿನವರು ಇದನ್ನು ಕರಗಿಸಲು ಫ್ಲಕ್ಸ್ ಬಳಿಯುತ್ತಿದ್ದರು. ಅದರ ಶೇಷವನ್ನು ಬಿಸಿನೀರಿನಲ್ಲಿ ಸಂಪೂರ್ಣವಾಗಿ ತೊಳೆಯದಿದ್ದರೆ ಗಾಳಿಯ ತೇವವನ್ನು ಹೀರಿ ಲೋಹವನ್ನೇ ತಿನ್ನತೊಡಗುತ್ತದೆ. ಮುಚ್ಚಿದ ಟ್ಯಾಂಕಿನ ಒಳಮೂಲೆಗೆ ಯಾರ ಕೈ ಹೋದೀತು? ಆದ್ದರಿಂದ, ನಮ್ಮ ಮಳೆಯನ್ನು ನೆನೆದು, ಜನ ಆರ್ಗಾನ್ ವೆಲ್ಡಿಂಗ್ ಎಂದು ಕರೆಯುವ ವಿಧಾನವೇ ಮೇಲೆಂದು ಹೇಳುತ್ತೇನೆ. ಅಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತ, ಒಂದು ಸರದಿಯಲ್ಲಿ ಪೊರೆಯನ್ನು ಸಿಡಿಸಿ ಹಾಕಿ, ಇನ್ನೊಂದು ಸರದಿಯಲ್ಲಿ ಲೋಹವನ್ನು ಕರಗಿಸುತ್ತದೆ. ಆರ್ಗಾನ್ ಅನಿಲವು ಗಾಳಿಯನ್ನು ದೂರವಿರಿಸುತ್ತದೆ.

ಬೆಸುಗೆ ಮುಗಿಯುವ ಮೊದಲೇ ಒಳಗೊಂದು ಅಡ್ಡಗೋಡೆಯನ್ನು ನಿಲ್ಲಿಸಬೇಕು. ಇಲ್ಲವಾದರೆ ಸಂಪಾಜೆ ಘಾಟಿಯ ತಿರುವುಗಳಲ್ಲಿ ಅರೆತುಂಬಿದ ಪೆಟ್ರೋಲು ಅತ್ತಿತ್ತ ತುಳುಕಿ ಬೆಸುಗೆಯ ಮೇಲೆ ಅಪ್ಪಳಿಸುತ್ತದೆ. ಕಂಪನವೂ ಅಷ್ಟೇ ಘಾತಕ. ಉಕ್ಕು ಒಂದು ಮಿತಿಯೊಳಗಿನ ಅದುರನ್ನು ಎಷ್ಟು ಕಾಲವಾದರೂ ತಾಳಿಕೊಳ್ಳಬಲ್ಲುದು. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ, ಚಿಕ್ಕ ಅದುರೂ ಅದರ ಆಯುಸ್ಸಿನ ಲೆಕ್ಕದಲ್ಲಿ ಕಳೆಯುತ್ತಲೇ ಇರುತ್ತದೆ. ಬೋಲ್ಟಿನಿಂದ ನೇರವಾಗಿ ಚಾಸಿಸಿಗೆ ಬಿಗಿದ ಟ್ಯಾಂಕು ಬೇಗನೆ ಬಿರುಕು ಬಿಡುವುದು ಇದರಿಂದಲೇ. ರಬ್ಬರಿನ ಮೇಲೆ ಕೂರಿಸಿ, ಪಟ್ಟಿಯಿಂದ ಹಿಡಿದಿಡುವುದು ಲೇಸು; ರಬ್ಬರಿಗೇನೂ ಈ ಸೀಮೆಯಲ್ಲಿ ಬರವಿಲ್ಲ.

ಸೋರಿಕೆಯನ್ನು ಪರೀಕ್ಷಿಸಲು ಬಾಯಿಗಳನ್ನೆಲ್ಲ ಮುಚ್ಚಿ, ಚದರ ಅಂಗುಲಕ್ಕೆ 2 ಅಥವಾ 3 ಪೌಂಡಿನಷ್ಟು ಗಾಳಿ ತುಂಬಿ, ಸಾಬೂನು ನೀರು ಸವರುತ್ತಾರೆ. ಅತ್ಯಲ್ಪವೆನ್ನಿಸುವ ಆ ಒತ್ತಡವೇ 18 ಅಂಗುಲ ಉದ್ದ, 9 ಅಂಗುಲ ಎತ್ತರದ ಮಗ್ಗುಲಿನ ಮೇಲೆ 3 ಪೌಂಡಿನಂತೆ 486 ಪೌಂಡು, ಅಂದರೆ ಸುಮಾರು 220 ಕಿಲೋಗ್ರಾಮಿನ ಭಾರವಾಗಿ ನಿಲ್ಲುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ನೇರವಾಗಿ ಸಿಕ್ಕಿಸಿದವನ ಟ್ಯಾಂಕು ಕಣ್ಣೆದುರಿನಲ್ಲೇ ಊದಿಕೊಂಡು, ವಾರಗಟ್ಟಲೆಯ ಶ್ರಮ ನಿಮಿಷದಲ್ಲಿ ವ್ಯರ್ಥವಾದೀತು. ಪ್ರಸಂಗವಶಾತ್ ಇನ್ನೊಂದು ಮಾತು: ಪೆಟ್ರೋಲು ತುಂಬಿದ್ದ ಹಳೆಯ ಟ್ಯಾಂಕನ್ನು, ಬರಿದಾಗಿದೆಯೆಂದು ನಂಬಿ, ಬೆಸುಗೆಗೆ ಕೊಡಬಾರದು. ಉರಿಯುವುದು ದ್ರವವಲ್ಲ, ಅದರ ಆವಿ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಸ್ಫೋಟಕ್ಕೆ ಹೆಚ್ಚು ಸನ್ನದ್ಧವಾಗಿರುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ವಾಹನದ ಮೂಲಲಕ್ಷಣವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಕೆಎ-21ರ ಫಲಕ ಹೊತ್ತ ಗಾಡಿಯವರು ಮೂಲದ ಆಕಾರಕ್ಕೂ ಅಳತೆಗೂ ನಿಷ್ಠವಾಗಿದ್ದು, ಸಂದೇಹವಿದ್ದರೆ ಪುತ್ತೂರಿನ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ತುಕ್ಕಿಗೆ ಅಂಜದ ಈ ಲೋಹಕ್ಕೂ ಅಡಕೆ ತೋಟದಲ್ಲಿ ಒಬ್ಬ ವೈರಿಯಿದ್ದಾನೆ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಸಸ್ಯರೋಗತಜ್ಞ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಪ್ರಯೋಗಿಸಿ ತೋರಿಸಿದಂದಿನಿಂದ ಮೈಲುತುತ್ತು, ಸುಣ್ಣಗಳೆರಡೂ ಇಲ್ಲಿಯ ಮಳೆಗಾಲದ ನಿತ್ಯಸಾಮಗ್ರಿಗಳು. 100 ಲೀಟರ್ ನೀರಿಗೆ ಎರಡೂ ಒಂದೊಂದು ಕಿಲೋ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ, ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸುವ ಕೃಷಿಕನಿಗೆ ಈ ರಸಾಯನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲಗಿನಲ್ಲಿ ಕಬ್ಬಿಣವು ಕರಗಿ ತಾಮ್ರಕ್ಕೆ ಎಡೆಗೊಡುವಂತೆಯೇ ಟ್ಯಾಂಕಿನ ಮೇಲೆ ಅಲ್ಯೂಮಿನಿಯಂ ಕರಗಿ ಎಡೆಗೊಡುತ್ತದೆ, ಸುಣ್ಣವಾದರೋ ಅದನ್ನು ಕಾಯುವ ಪೊರೆಯನ್ನೇ ಕಿತ್ತುಹಾಕುತ್ತದೆ; ಅಲ್ಲಲ್ಲಿ ಬಿಳಿಯ ಹುಡಿ ಎದ್ದು, ಕೆಳಗೆ ಸೂಜಿಮೊನೆಯಂಥ ಕುಳಿಗಳು ಬೀಳುತ್ತವೆ. ಬಣ್ಣ ಬಳಿಯದೆ ಬೆಳ್ಳಗೆ ಬಿಟ್ಟ ಟ್ಯಾಂಕಿಗೆ ಈ ಭಯ ಹೆಚ್ಚು. ಆದಕಾರಣ ಮದ್ದು ಬಿಡುವ ದಿನಗಳಲ್ಲಿ ಸಿಡಿದ ಹನಿಗಳನ್ನು ಅದೇ ಸಂಜೆ ಧಾರಾಳ ನೀರಿನಿಂದ ತೊಳೆಯಬೇಕು. ಪೇಟೆಯಿಂದ ತರುವ ಮೈಲುತುತ್ತಿನ ಚೀಲವನ್ನು ಟ್ಯಾಂಕಿನ ಮೇಲೆ ತೊಡೆಗಳ ನಡುವೆ ಇಟ್ಟುಕೊಂಡು ಬರುವ ನಮ್ಮವರ ಅಭ್ಯಾಸವನ್ನು ಬಿಟ್ಟು, ಅದನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಬೇಕು.