ಅಲಾಯ್ ವೀಲ್ ಮೇಲಿನ ಬಿಳಿ ಗೆರೆ ತಿಕ್ಕಿದರೆ ಹೋಗದು

ಮಂಗಳೂರು, ಉಡುಪಿ, ಕಾರವಾರದ ಕಡೆ ಕೆಲವು ಮಳೆಗಾಲ ಕಂಡ ಕಾರಿನ ಅಲಾಯ್ ವೀಲನ್ನು ಕುಕ್ಕರುಗಾಲಲ್ಲಿ ಕೂತು ನೋಡಿ. ಹೊಳೆಯುವ ಮುಖದ ಅಂಚಿನಲ್ಲಿ ಹುಳ ಹರಿದ ಜಾಡಿನಂಥ ತೆಳು ಬಿಳಿ ಗೆರೆಗಳು ಕಂಡಾವು. ಶಾಂಪೂ ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಕೊಳೆಯಾಗಿದ್ದರೆ ತಾನೇ ಹೋಗಲು? ಅದಿರುವುದು ಮೇಲಿನ ಪಾರದರ್ಶಕ ಲೇಪದ ಅಡಿಯಲ್ಲಿ.

ಅಲಾಯ್ ಎಂದರೆ ಮಿಶ್ರಲೋಹ. ಕಾರಿನ ಚಕ್ರಕ್ಕೆ ಹೆಚ್ಚಾಗಿ ಬಳಸುವುದು ಅಲ್ಯೂಮಿನಿಯಂಗೆ ಸುಮಾರು ಶೇ 7ರಷ್ಟು ಸಿಲಿಕಾನ್, ಚೂರು ಮೆಗ್ನೀಸಿಯಂ ಬೆರೆಸಿದ್ದು. ‘ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಸಾರ್’ ಎಂದು ಅಂಗಡಿಯವರು ಹೇಳುತ್ತಾರೆ. ಕೆಂಪು ತುಕ್ಕು ಹಿಡಿಯುವುದಿಲ್ಲ, ಅಷ್ಟು ನಿಜ. ಗಾಳಿ ತಾಕಿದೊಡನೆ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟಿ ಕಾಯುತ್ತದೆ. ಆದರೆ ಕಡಲ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಮುರಿಯುತ್ತದೆ. ಜಲ್ಲಿಕಲ್ಲು ಸಿಡಿದು ಲೇಪದ ಮೇಲೆ ಗುಂಡುಸೂಜಿ ತಲೆಯಷ್ಟು ಪೆಟ್ಟಾದರೂ ಸಾಕು, ತೇವ ಒಳಗಿಳಿಯುತ್ತದೆ. ಮುಂದೆ ಸವೆತ ಎಳೆ ಎಳೆಯಾಗಿ ಹಬ್ಬುತ್ತದೆ. ಇದಕ್ಕೆ ಫಿಲಿಫಾರ್ಮ್ ಕರೋಷನ್ ಎನ್ನುತ್ತಾರೆ.

ನಿಮ್ಮ ಚಕ್ರ ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ. ಪೂರ್ತಿ ಒಂದೇ ಬಣ್ಣವಿದ್ದರೆ ಪೇಂಟೆಡ್. ಮುಖ ಕನ್ನಡಿಯಂತೆ ಮಿನುಗಿ, ಸಂದುಗಳಲ್ಲಿ ಕಪ್ಪು ಅಥವಾ ಬೂದು ಬಣ್ಣವಿದ್ದರೆ ಡೈಮಂಡ್ ಕಟ್. ಇದರಲ್ಲಿ ಮುಖವನ್ನು ಲೇತ್ ಮೇಲೆ ಕೆತ್ತಿ, ಬರೀ ಕ್ಲಿಯರ್ ಕೋಟ್ ಹೊಡೆದಿರುತ್ತಾರೆ. ಚೂಪಾದ ಅಂಚಿನಲ್ಲಿ ಆ ಲೇಪ ತೆಳುವಾಗಿ ನಿಲ್ಲುತ್ತದೆ. ಕೆಡುವುದು ಅಲ್ಲಿಂದಲೇ.

ಪೇಂಟೆಡ್ ಚಕ್ರ ಫುಟ್‌ಪಾತಿಗೆ ಉಜ್ಜಿದ್ದರೆ ಮನೆಯಲ್ಲೇ ಸರಿಮಾಡಬಹುದು. ತೊಳೆದು ಒಣಗಿಸಿ. 400 ನಂಬರಿನ ಎಮರಿ ಪೇಪರಿನಲ್ಲಿ, ಆಮೇಲೆ 800ರಲ್ಲಿ ನೀರು ಹಾಕಿಕೊಂಡು ಉಜ್ಜಿ. ಚೆನ್ನಾಗಿ ಒಣಗಿದ ಮೇಲೆ ಟೈರಿಗೆ ಟೇಪು ಅಂಟಿಸಿ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಸ್ಪ್ರೇ ಮಾಡಿ. ಒಂದೊಂದೂ ತೆಳುವಾಗಿರಲಿ. ಡೈಮಂಡ್ ಕಟ್ ಮೇಲೆ ಮಾತ್ರ ಎಮರಿ ಆಡಿಸಲೇಬೇಡಿ.

ಸವೆತ ಹಬ್ಬಿದ್ದರೆ ಪೌಡರ್ ಕೋಟಿಂಗ್ ಒಳ್ಳೆಯದು. ಟೈರ್ ಬಿಚ್ಚಿ, ಹಳೇ ಬಣ್ಣ ಪೂರ್ತಿ ತೆಗೆದು, ಬಣ್ಣದ ಪುಡಿಯನ್ನು ವಿದ್ಯುದಾವೇಶದಿಂದ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಬೇಯಿಸುತ್ತಾರೆ. ಒಂದು ಚಕ್ರಕ್ಕೆ ಸಾಮಾನ್ಯವಾಗಿ 1,500ರಿಂದ 3,000 ರೂಪಾಯಿ, ಬ್ಯಾಲೆನ್ಸಿಂಗ್ ಬೇರೆ. ಡೈಮಂಡ್ ಕಟ್ ಮರುಕೆತ್ತನೆಗೆ ಇನ್ನೂ ಜಾಸ್ತಿ. ಪ್ರತಿ ಸಲ ಕೆತ್ತಿದಾಗಲೂ ಲೋಹ ಸವೆಯುವುದರಿಂದ ಅದನ್ನು ಪದೇ ಪದೇ ಮಾಡಿಸುವಂತಿಲ್ಲ. ಕರಾವಳಿಯವರು ಮಿನುಗಿನ ಆಸೆ ಬಿಟ್ಟು ಇಡೀ ಚಕ್ರಕ್ಕೆ ಪೌಡರ್ ಕೋಟಿಂಗ್ ಮಾಡಿಸುವುದೇ ವಾಸಿ ಎನ್ನುವವನು ನಾನು.

ಎಲ್ಲಿ ಮಾಡಿಸುವುದು? ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಪೌಡರ್ ಕೋಟಿಂಗ್ ಘಟಕಗಳಿವೆ. ಊರಿನ ದೊಡ್ಡ ಟೈರ್ ಅಂಗಡಿಯಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. ಗೇಟು, ಗ್ರಿಲ್ ಬೇಯಿಸುವವರ ಕೈಗೆ ಚಕ್ರ ಕೊಡುವ ಮುನ್ನ ಓವನ್ ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಕೇಳಿ. ಅತಿಯಾದ ಕಾವಿನಲ್ಲಿ ಅಲಾಯ್‌ನ ಬಲ ಕುಗ್ಗುತ್ತದೆ. ನಟ್ ಕೂರುವ ಜಾಗದಲ್ಲಿ ದಪ್ಪ ಲೇಪ ಬೇಡವೆಂದೂ ಹೇಳಿ. ಲೇಪ ಅಮುಕಿಕೊಂಡರೆ ನಟ್ ಸಡಿಲವಾಗುತ್ತದೆ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಟಾರ್ಕ್ ಪಾನಾದಲ್ಲಿ, ಅಂದರೆ ಬಿಗಿ ಅಳೆಯುವ ಪಾನಾದಲ್ಲಿ, ಇನ್ನೊಮ್ಮೆ ನೋಡಿಸಿ. ಬಿಗಿಯ ಅಳತೆ ಕಾರಿನ ಕೈಪಿಡಿಯಲ್ಲಿದೆ.

ಮುಂದಕ್ಕೆ ಎರಡು ಎಚ್ಚರಿಕೆ ಸಾಕು. ಆಸಿಡ್ ಇರುವ ವೀಲ್ ಕ್ಲೀನರ್ ಬೇಡ, ಬಿಸಿ ಚಕ್ರದ ಮೇಲಂತೂ ಬೇಡವೇ ಬೇಡ. ಬ್ಯಾಲೆನ್ಸಿಂಗ್ ಮಾಡಿಸುವಾಗ ಸುತ್ತಿಗೆಯಲ್ಲಿ ಬಡಿದು ಸಿಕ್ಕಿಸುವ ತೂಕದ ಬದಲು ಸ್ಟಿಕ್ಕರ್ ತೂಕ ಕೇಳಿ.

‘ನೋಟಕ್ಕೆ ತಾನೇ, ಇರಲಿ ಬಿಡಿ’ ಎನ್ನುತ್ತೀರಾ? ಮುಖದ ಗೆರೆಯ ಮಟ್ಟಿಗೆ ಸರಿ. ಆದರೆ ಟೈರಿನ ಅಂಚು ಕೂರುವ ಜಾಗ ಸವೆದರೆ ಪಂಕ್ಚರ್ ಇಲ್ಲದೆಯೂ ಗಾಳಿ ಇಳಿಯುತ್ತದೆ. ಸೋಪಿನ ನೀರು ಹಚ್ಚಿದರೆ ರಿಮ್ಮಿನ ಅಂಚಿನಲ್ಲಿ ಗುಳ್ಳೆ ಏಳುತ್ತದೆ. ಟೈರ್ ಅಂಗಡಿಯಲ್ಲಿ ಟೈರ್ ಬಿಚ್ಚಿಸಿ, ಸವೆತದಿಂದ ಕೂತ ಬಿಳಿ ಪುಡಿ ಉಜ್ಜಿ ತೆಗೆಸಿ, ಬೀಡ್ ಸೀಲರ್ ಎಂಬ ಅಂಟು ಹಚ್ಚಿಸಿ. ಬಿರುಕು ಕಂಡರೆ ಮಾತ್ರ ವೆಲ್ಡಿಂಗ್ ಮಾಡಿಸಬೇಡಿ, ಚಕ್ರ ಬದಲಿಸಿ. ಹೊಸದು ಕೊಳ್ಳುವಾಗ ಹಳೇ ಚಕ್ರದ ಹಿಂಬದಿಯಲ್ಲಿರುವ ಅಳತೆಯ ಅಂಕಿಗಳ ಫೋಟೊ ತೆಗೆದುಕೊಂಡು ಹೋಗಿ.