ಲಿವರ್ ಸ್ಕ್ಯಾನಿನ ಹಿಂದೆ ಬೆಂಗಳೂರಿನ ಒಂದು ಹೆಸರು

1975ರಲ್ಲಿ ‘ಜರ್ನಲ್ ಆಫ್ ಮ್ಯಾಗ್ನೆಟಿಕ್ ರೆಸೊನೆನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಶೀರ್ಷಿಕೆ ‘ಎನ್‌ಎಂಆರ್ ಫೂರಿಯೆ ಜ್ಯೂಗ್ಮಟೋಗ್ರಫಿ’. ಬರೆದವರು ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್‌ಸ್ಟ್. ಕೆಲಸ ನಡೆದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಇಟಿಎಚ್ ಸಂಸ್ಥೆಯಲ್ಲಿ. ಮೂವರಲ್ಲಿ ಕೊನೆಯವರಿಗೆ 1991ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಮೊದಲನೆಯವರು ಬೆಂಗಳೂರಿಗೆ ಬಂದರು. ಹಳೇ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ದಶಕಗಳ ಕಾಲ, ಎಂಆರ್‌ಐಗೆ ಬುನಾದಿಯಾದ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಸಂಶೋಧನೆ ನಡೆಸಿದರು. ಇವತ್ತು ಯಾವ ಊರಿನಲ್ಲಿ ಲಿವರ್‌ನದೋ ಮೇದೋಜೀರಕ ಗ್ರಂಥಿಯದೋ ಎಂಆರ್‌ಐ ತೆಗೆದರೂ ಬಹುತೇಕ ಚಿತ್ರ ಮೂಡುವುದು ಆ ಪ್ರಬಂಧ ತೋರಿಸಿದ ದಾರಿಯಲ್ಲೇ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಫೈಲು ಹಿಡಿದು ಕೂರುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ಗೊತ್ತಿಲ್ಲದಿರುವುದಕ್ಕೆ ಒಂದು ಕಾರಣ, ಎಂಆರ್‌ಐ ಕಥೆ ಎಂದರೆ ಇಬ್ಬರು ಅಮೆರಿಕನ್ನರ ಜಗಳದ ಕಥೆ ಎಂದಾಗಿಬಿಟ್ಟಿರುವುದು. ಆ ಜಗಳದ ಬುಡದಲ್ಲಿರುವುದು ಇಲಿಯ ಲಿವರ್ ಎಂಬುದು ನನಗೆ ತುಂಬ ಕುತೂಹಲದ ಸಂಗತಿ.

ಬ್ರೂಕ್ಲಿನ್‌ನ ವೈದ್ಯ ರೇಮಂಡ್ ಡಮಾಡಿಯನ್ 1971ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಇಲಿಯ ಅಂಗಾಂಶಗಳ ತುಣುಕುಗಳನ್ನು ಕಾಂತಕ್ಷೇತ್ರದಲ್ಲಿಟ್ಟು, ರೇಡಿಯೊ ಅಲೆಯಿಂದ ಕದಲಿಸಿ, ಅವುಗಳೊಳಗಿನ ನೀರಿನ ಹೈಡ್ರೋಜನ್ ಎಷ್ಟು ಹೊತ್ತಿಗೆ ಮೊದಲಿನ ಸ್ಥಿತಿಗೆ ಮರಳುತ್ತದೆ ಎಂದು ಅವರು ಅಳೆದಿದ್ದರು. ಆರೋಗ್ಯವಂತ ಲಿವರ್‌ಗೆ ಸುಮಾರು 0.3 ಸೆಕೆಂಡ್ ಸಾಕಾಯಿತು. ನೊವಿಕಾಫ್ ಹೆಪಟೋಮಾ ಎಂಬ ಲಿವರ್ ಗೆಡ್ಡೆಗೆ 0.8 ಸೆಕೆಂಡ್ ಬೇಕಾಯಿತು. ಕಾಯಿಲೆ ಬಿದ್ದ ಲಿವರ್‌ನಲ್ಲಿರುವ ನೀರು ಬೇರೆ ರೀತಿ ವರ್ತಿಸುತ್ತದೆ. ಇವತ್ತಿನ ಲಿವರ್ ಎಂಆರ್‌ಐನ ಬಹುಪಾಲು ಈ ಒಂದು ಮಾತಿನ ಮೇಲೆಯೇ ನಿಂತಿದೆ. ಆದರೆ ಡಮಾಡಿಯನ್ ಬಳಿ ಆಗ ಇದ್ದದ್ದು ಅಂಕಿಗಳು ಮಾತ್ರ, ಚಿತ್ರ ಇರಲಿಲ್ಲ.

ಅದೇ ವರ್ಷ ಲಿಯಾನ್ ಸಾರ್ಯನ್ ಎಂಬ ಯುವ ಸಂಶೋಧಕ ಪಿಟ್ಸ್‌ಬರ್ಗ್ ಹತ್ತಿರದ ನ್ಯೂ ಕೆನ್ಸಿಂಗ್ಟನ್‌ನಲ್ಲಿ ಆ ಇಲಿ ಪ್ರಯೋಗವನ್ನು ಮತ್ತೆ ಮಾಡಿ ನೋಡುತ್ತಿದ್ದರು. ಅದನ್ನು ಕಂಡವರು ರಸಾಯನ ವಿಜ್ಞಾನಿ ಪಾಲ್ ಲಾಟರ್‌ಬರ್. ಅಂಗಾಂಶ ಕತ್ತರಿಸದೆಯೇ, ಯಾವ ಸಂಕೇತ ದೇಹದ ಯಾವ ಜಾಗದಿಂದ ಬಂತು ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಹ್ಯಾಂಬರ್ಗರ್ ತಿನ್ನುತ್ತಿದ್ದಾಗ ಉತ್ತರ ಹೊಳೆಯಿತಂತೆ. ಕಾಂತಕ್ಷೇತ್ರ ಎಲ್ಲೆಡೆ ಒಂದೇ ಸಮ ಇರಬಾರದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಏರುತ್ತ ಹೋಗಬೇಕು. ಆಗ ಜಾಗಕ್ಕೆ ತಕ್ಕಂತೆ ಸಂಕೇತದ ಕಂಪನಾಂಕವೂ ಬದಲಾಗುತ್ತದೆ. ಭಾರಜಲದ ನಡುವೆ ಸಾಮಾನ್ಯ ನೀರಿನ ಎರಡು ಸಣ್ಣ ನಳಿಗೆ ಇಟ್ಟು ಅವರು ಚಿತ್ರ ತೆಗೆದರು. ‘ನೇಚರ್’ ಪತ್ರಿಕೆ ಮೊದಲು ಬೇಡವೆಂದ ಆ ಪ್ರಬಂಧ 1973ರಲ್ಲಿ ಅಲ್ಲಿಯೇ ಅಚ್ಚಾಯಿತು.

2003ರ ನೊಬೆಲ್ ಲಾಟರ್‌ಬರ್ ಮತ್ತು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ಸಂದಾಗ, ಡಮಾಡಿಯನ್ ‘ನ್ಯೂಯಾರ್ಕ್ ಟೈಮ್ಸ್’ ಮುಂತಾದ ಪತ್ರಿಕೆಗಳಲ್ಲಿ ಪುಟದ ತುಂಬ ಜಾಹೀರಾತು ಕೊಟ್ಟು ತಮಗೆ ಅನ್ಯಾಯವಾಯಿತೆಂದು ಸಾರಿದರು. ಜಗತ್ತು ಆ ಜಗಳವನ್ನು ನೋಡುತ್ತ ನಿಂತಿತು. ಡಮಾಡಿಯನ್ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಜಾಹೀರಾತು ಕೊಡದವರ ಕೆಲಸ ಸದ್ದಿಲ್ಲದೆ ಅಡಿಗೆ ಬಿದ್ದದ್ದು.

ಲಾಟರ್‌ಬರ್ ವಿಧಾನದಲ್ಲಿ ಒಂದೊಂದೇ ಕೋನದಿಂದ ನೋಟ ಹಿಡಿದು, ಆ ನೋಟಗಳನ್ನೆಲ್ಲ ಕೂಡಿಸಿ ಚಿತ್ರ ಕಟ್ಟಬೇಕಿತ್ತು. 1974ರಲ್ಲಿ ಅಮೆರಿಕದ ರಾಲಿಯಲ್ಲಿ ನಡೆದ ಸಮ್ಮೇಳನದಲ್ಲಿ ಅವರ ಭಾಷಣ ಕೇಳಿದ ಅರ್ನ್‌ಸ್ಟ್‌ಗೆ ಬೇರೆ ದಾರಿ ಕಂಡಿತು. ಪ್ರಯೋಗ ಮಾಡಿ ತೋರಿಸಿದವರು ಅನಿಲ್ ಕುಮಾರ್ ಮತ್ತು ವೆಲ್ಟಿ. ಕಾಂತಕ್ಷೇತ್ರದ ಏರಿಳಿತವನ್ನು ಮೊದಲು ಒಂದು ದಿಕ್ಕಿಗೆ, ಆಮೇಲೆ ಇನ್ನೊಂದು ದಿಕ್ಕಿಗೆ ಕೊಡುವುದು. ಮೊದಲ ದಿಕ್ಕಿನ ಅವಧಿಯನ್ನು ಪ್ರತಿ ಸಲವೂ ಬದಲಿಸುವುದು. ಹೀಗೆ ಸಿಕ್ಕ ಕಲಸುಮೇಲೋಗರದ ಸಂಕೇತವನ್ನು ಫೂರಿಯೆ ಗಣಿತಕ್ಕೆ ಒಡ್ಡುವುದು. ಪಿಟೀಲು, ಮೃದಂಗ, ಘಟ ಒಟ್ಟಿಗೇ ನುಡಿಯುವ ಕಛೇರಿಯಲ್ಲಿ ಪಳಗಿದ ಕಿವಿ ಒಂದೊಂದು ವಾದ್ಯವನ್ನೂ ಬೇರ್ಪಡಿಸುವಂತೆ, ಆ ಗಣಿತ ಪ್ರತಿ ಚುಕ್ಕಿಯನ್ನೂ ಅದರದರ ಜಾಗಕ್ಕೆ ಸೇರಿಸುತ್ತದೆ.

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ತಂಡ 1980ರಲ್ಲಿ ಇದನ್ನೇ ತಿದ್ದಿತು. ಅವಧಿ ಬದಲಿಸುವ ಬದಲು ಏರಿಳಿತದ ಬಲವನ್ನು ಬದಲಿಸಿದರು. ಕಾಂತಕ್ಷೇತ್ರದಲ್ಲಿ ಅಷ್ಟಿಷ್ಟು ಓರೆಕೋರೆಯಿದ್ದರೂ ಚಿತ್ರ ಕೆಡದಂತಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಅವರ ಯಂತ್ರದೊಳಗೆ ಮಲಗಿದ ರೋಗಿಯೊಬ್ಬರ ಎದೆಯಲ್ಲಿ ಗೆಡ್ಡೆ ಕಂಡಿತು, ಮೂಳೆಗೆ ಹಬ್ಬಿದ ಕ್ಯಾನ್ಸರ್ ಕಂಡಿತು, ಲಿವರ್ ಕೆಟ್ಟಿರುವುದೂ ಕಂಡಿತು. ವೈದ್ಯರ ಕೆಲಸಕ್ಕೆ ಒದಗಿದ ಮೊದಲ ಪೂರ್ಣದೇಹ ಎಂಆರ್‌ಐ ಎಂದು ಇದನ್ನೇ ಹೇಳುತ್ತಾರೆ. ಇಲಿಯ ಲಿವರ್‌ನಿಂದ ಮನುಷ್ಯನ ಲಿವರ್‌ಗೆ ಬರಲು ಹಿಡಿದದ್ದು ಒಂಬತ್ತೇ ವರ್ಷ, ನಡುವಿನ ಸೇತುವೆ ಜ್ಯೂರಿಕ್‌ನ ಆ ಪ್ರಬಂಧ. ನಮ್ಮ ಶಾಲೆಯ ವಿಜ್ಞಾನ ಪಾಠದಲ್ಲಿ ಇದಕ್ಕೆ ಅರ್ಧ ಪುಟ ಕೊಡಬಾರದೇ?

ಮುಂದಿನ ಹತ್ತು ವರ್ಷ ಎಂಆರ್‌ಐ ಮಿದುಳು, ಬೆನ್ನುಹುರಿಗಳದ್ದಾಯಿತು. ಹೊಟ್ಟೆ ಹಿಂದೆ ಬಿತ್ತು. ಲಿವರ್ ಪ್ರತಿ ಉಸಿರಿಗೂ ಕೆಳಗಿಳಿದು ಮೇಲೇರುತ್ತದೆ, ನಿಧಾನದ ಸ್ಕ್ಯಾನಿನಲ್ಲಿ ಚಿತ್ರ ಮಸಕಾಗುತ್ತದೆ. ‘ಉಸಿರು ಎಳ್ಕೊಳ್ಳಿ, ಬಿಡಿ, ಹಾಗೇ ಹಿಡ್ಕೊಳ್ಳಿ’ ಎಂದು ಟೆಕ್ನಿಶಿಯನ್ ಮೈಕಿನಲ್ಲಿ ಹೇಳುವ ಅಷ್ಟು ಹೊತ್ತಿನಲ್ಲೇ ಚಿತ್ರ ಮುಗಿಯಬೇಕಿತ್ತು. ಫ್ರೈಬರ್ಗ್‌ನ ಯೂರ್ಗನ್ ಹೆನಿಗ್ 1986ರಲ್ಲಿ ಪ್ರಕಟಿಸಿದ ವೇಗದ ವಿಧಾನ ದಾರಿ ತೆರೆಯಿತು. ಅದರಲ್ಲಿ ನಿಂತ ದ್ರವ ಬೆಳ್ಳಗೆ ಹೊಳೆಯುವಂತೆ ಮಾಡಬಹುದಿತ್ತು.

ಪಿತ್ತನಾಳದಲ್ಲಿರುವುದು ನಿಂತ ದ್ರವವೇ, ಮೇದೋಜೀರಕದ ನಾಳದಲ್ಲಿರುವುದೂ ಅದೇ. ಅವುಗಳನ್ನು ಸ್ಪಷ್ಟವಾಗಿ ನೋಡಲು ಅಲ್ಲಿಯವರೆಗೆ ಮುಖ್ಯವಾಗಿ ಇದ್ದದ್ದು ಇಆರ್‌ಸಿಪಿ. 1968ರಲ್ಲಿ ವಾಷಿಂಗ್ಟನ್‌ನ ಶಸ್ತ್ರವೈದ್ಯ ವಿಲಿಯಂ ಮೆಕ್ಯೂನ್ ವರದಿ ಮಾಡಿದ ಈ ವಿಧಾನದಲ್ಲಿ, ಬಾಯಿಂದ ಎಂಡೋಸ್ಕೋಪ್ ಇಳಿಸಿ, ಸಣ್ಣ ಕರುಳಿನ ಮೊದಲ ಭಾಗದಲ್ಲಿ ನಾಳ ತೆರೆಯುವ ಜಾಗ ಹುಡುಕಿ, ಕೊಳವೆ ತೂರಿಸಿ, ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ನೋಡಲೆಂದು ಹೋಗಿ ಮೇದೋಜೀರಕ ಗ್ರಂಥಿಯನ್ನೇ ಕೆರಳಿಸಿ ರೋಗಿ ನರಳಿದ ಪ್ರಸಂಗಗಳು ಅಪರೂಪವಲ್ಲ. 1991ರಲ್ಲಿ ಜರ್ಮನಿಯ ವಾಲ್ನರ್ ಮತ್ತು ಸಂಗಡಿಗರು ಹಿಗ್ಗಿದ ಪಿತ್ತನಾಳಗಳನ್ನು ಎಂಆರ್‌ಐನಲ್ಲೇ ತೋರಿಸಿದರು. ಎಂಆರ್‌ಸಿಪಿ ಹುಟ್ಟಿದ್ದು ಹೀಗೆ. ಕೊಳವೆ ಇಲ್ಲ, ಬಣ್ಣ ಇಲ್ಲ, ಎಕ್ಸ್‌ರೇ ಇಲ್ಲ. ಈಗ ಇಆರ್‌ಸಿಪಿ ಮಾಡುವುದು ಹೆಚ್ಚಾಗಿ ಕಲ್ಲು ತೆಗೆಯಲು, ಸ್ಟೆಂಟ್ ಇಡಲು.

ಇಲ್ಲೊಂದು ತೊಡಕಿತ್ತು. ಜಠರ, ಕರುಳಿನಲ್ಲಿರುವ ನೀರೂ ಬೆಳ್ಳಗೆ ಹೊಳೆದು ನಾಳಗಳನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಸಿಕ್ಕ ಮದ್ದು ಅನಾನಸ್ ರಸ! ಅದರಲ್ಲಿರುವ ಮ್ಯಾಂಗನೀಸ್ ಸುತ್ತಲಿನ ನೀರಿನ ಸಂಕೇತವನ್ನು ಬೇಗ ಅಡಗಿಸುತ್ತದೆ. ಹೊಟ್ಟೆ ಕಪ್ಪಾಗಿ ನಾಳ ಮಾತ್ರ ಉಳಿಯುತ್ತದೆ. ಸ್ಕ್ಯಾನಿಗೆ ಮುಂಚೆ ಒಂದು ಲೋಟ ಕುಡಿಸುವ ರೂಢಿ ಹಲವೆಡೆ ಇದೆ.

ಲಿವರ್‌ನ ಕೊಬ್ಬನ್ನು ಅಳೆಯುವ ಉಪಾಯ 1984ರಲ್ಲಿ ಥಾಮಸ್ ಡಿಕ್ಸನ್ ಅವರಿಂದ ಬಂತು. ಕೊಬ್ಬಿನ ಹೈಡ್ರೋಜನ್ ನೀರಿನದಕ್ಕಿಂತ ಚೂರು ನಿಧಾನವಾಗಿ ತಿರುಗುತ್ತದೆ, ಆ ವ್ಯತ್ಯಾಸ ಹಿಡಿದು ಎರಡನ್ನೂ ಬೇರ್ಪಡಿಸಬಹುದು. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸೇಮಿಯಾ ಮಕ್ಕಳ ಲಿವರ್‌ನಲ್ಲಿ ಜಮೆಯಾಗುವ ಕಬ್ಬಿಣವನ್ನೂ ಸಂಕೇತ ಎಷ್ಟು ಬೇಗ ಸಾಯುತ್ತದೆ ಎಂಬುದರಿಂದ ಲೆಕ್ಕ ಹಾಕುತ್ತಾರೆ. 1995ರಲ್ಲಿ ಮೇಯೊ ಕ್ಲಿನಿಕ್‌ನ ರಾಜಾ ಮುತ್ತುಪಿಳ್ಳೈ, ರಿಚರ್ಡ್ ಎಹ್ಮನ್ ಮತ್ತಿತರರು ಅಂಗಾಂಶ ಎಷ್ಟು ಗಡುಸಾಗಿದೆ ಎಂದು ಅಳೆಯುವ ಎಲಾಸ್ಟೋಗ್ರಫಿ ತಂದರು. ಇಂದು ಬಲ ಪಕ್ಕೆಲುಬಿನ ಮೇಲೆ ಒಂದು ಚಪ್ಪಟೆ ಬಿಲ್ಲೆ ಕಟ್ಟಿ ಸೆಕೆಂಡಿಗೆ 60 ಸಲ ಅದುರಿಸುತ್ತಾರೆ. ಗಡುಸಾದ ಲಿವರ್‌ನಲ್ಲಿ ಅಲೆ ಬೇಗ ಸಾಗುತ್ತದೆ. ಬಯಾಪ್ಸಿಯ ಸೂಜಿಗೆ ಸಿಗುವುದು ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು. ಎಂಆರ್‌ಐ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಭಾಗವನ್ನು ನೋಡುತ್ತದೆ, ನೋವಿಲ್ಲದೆ.

ಮೇದೋಜೀರಕ ಗ್ರಂಥಿ ಮಾತ್ರ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಮದ್ಯ ಮುಟ್ಟದ ಎಳೆಯರಲ್ಲೂ ಈ ಗ್ರಂಥಿ ಊದಿ ಕಲ್ಲುಗಟ್ಟುವ ಕಾಯಿಲೆಯನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನಾಳದೊಳಗಿನ ಕಲ್ಲು ಎಂಆರ್‌ಸಿಪಿಯಲ್ಲಿ ಬಿಳಿ ಗೆರೆಯ ನಡುವಿನ ಕಪ್ಪು ತುಂಡಾಗಿ ಕಾಣುತ್ತದೆ. ಗ್ರಂಥಿಯ ಮಾಂಸದೊಳಗೆ ಹರಡಿದ ಸಣ್ಣ ಸುಣ್ಣದ ಕಣಗಳು ಸುಲಭಕ್ಕೆ ಕಾಣುವುದಿಲ್ಲ, ಸುಣ್ಣದಿಂದ ಸಂಕೇತವೇ ಬರುವುದಿಲ್ಲವಲ್ಲ. ಅವುಗಳಿಗಾಗಿ ವೈದ್ಯರು ಈಗಲೂ ಸಿ.ಟಿ. ಸ್ಕ್ಯಾನ್ ಬರೆದುಕೊಡುತ್ತಾರೆ.