ಬರಿಗಾಲಿನ ಕಾರಣಕ್ಕೆ ಭಾರತ ವಿಶ್ವಕಪ್ ಆಡಲಿಲ್ಲವೇ? ಮಕ್ಕಳಿಗೆ ಫಾರ್ವರ್ಡ್ ಓದಲು ಕಲಿಸುವ ಒಂದು ಆಟ

“1950ರ ಫುಟ್‌ಬಾಲ್ ವಿಶ್ವಕಪ್‌ಗೆ ಭಾರತ ಆಯ್ಕೆಯಾಗಿತ್ತು. ನಮ್ಮವರು ಬರಿಗಾಲಿನಲ್ಲಿ ಆಡುತ್ತಿದ್ದರು, ಫಿಫಾ ಒಪ್ಪಲಿಲ್ಲ. ಅದಕ್ಕೇ ಹೋಗಲಿಲ್ಲ!”

ವಿಶ್ವಕಪ್ ಬಂದಾಗ ಇಂಥ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಕಲಘಟಗಿ ತಾಲೂಕಿನ ದುಮ್ಮವಾಡವೇ ಇರಲಿ, ಬೆಂಗಳೂರೇ ಇರಲಿ, ಹೈಸ್ಕೂಲ್ ಮಕ್ಕಳು ಓದುವುದೂ ಇದೇ ಮೊಬೈಲ್‌ನಲ್ಲಿ. ಹಾಗಾದರೆ ಇದನ್ನೇ ಪಾಠ ಮಾಡೋಣ.

ಇದರಲ್ಲಿ ನಿಜ ಎಷ್ಟು?

ಭಾರತಕ್ಕೆ ಅವಕಾಶ ಸಿಕ್ಕಿದ್ದು ನಿಜ. ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದಿದ್ದರಿಂದ ಆಡದೆಯೇ ಅರ್ಹತೆ ಬಂತು. ಬರಿಗಾಲೂ ನಿಜ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡದ ಬಹುತೇಕರು ಬರಿಗಾಲಿನಲ್ಲೇ ಆಡಿ ಫ್ರಾನ್ಸ್ ಎದುರು 1–2ರಿಂದ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್.

ಸುಳ್ಳು ಇರುವುದು “ಅದಕ್ಕೇ” ಎಂಬ ಪದದಲ್ಲಿ. ಫುಟ್‌ಬಾಲ್ ಫೆಡರೇಷನ್ ಕೊಟ್ಟ ಕಾರಣಗಳು ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದಿದ್ದದ್ದು. ಆಗ ತಮಗೆ ಒಲಿಂಪಿಕ್ಸೇ ದೊಡ್ಡದಾಗಿತ್ತು ಎಂದು ಆಟಗಾರ ಶೈಲೇನ್ ಮನ್ನಾ ಮುಂದೆ ಹೇಳಿದ್ದರು. ಎರಡು ನಿಜಗಳನ್ನು ಒಂದು ಸುಳ್ಳು ದಾರದಿಂದ ಹೊಲಿದರೆ ಫಾರ್ವರ್ಡ್ ಸಿದ್ಧ.

ಮಕ್ಕಳಿಗೆ ಹೇಗೆ ಕಲಿಸುವುದು?

ಅವರಿಂದಲೇ ಬರೆಸಿ. ಉದಾಹರಣೆಗೆ, 2016ರ ನವೆಂಬರ್ 5ರಂದು ದೋಹಾದಲ್ಲಿ ನಡೆದ ಎಎಫ್‌ಸಿ ಕಪ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ, ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0–1ರಿಂದ ಸೋತಿತು. ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು.

1. ಇದೇ ಪಂದ್ಯದ ಬಗ್ಗೆ ಎರಡು ವರದಿ ಬರೆಯಲಿ: ಒಂದು ಹೆಮ್ಮೆಯದು, ಇನ್ನೊಂದು ನಿರಾಸೆಯದು. ಒಂದಂಕಿಯೂ ಬದಲಾಗಬಾರದು. ಸುಳ್ಳು ಹೇಳದೆಯೂ ಓದುಗನ ಮನಸ್ಸು ತಿರುಗಿಸಬಹುದು ಎಂಬುದು ಅವರಿಗೇ ಗೊತ್ತಾಗುತ್ತದೆ.
2. ಅದಲು ಬದಲು ಮಾಡಿ ಓದಲಿ. ನಡೆದದ್ದಕ್ಕೆ ಒಂದು ಗೆರೆ, ಅನಿಸಿದ್ದಕ್ಕೆ ಎರಡು ಗೆರೆ ಎಳೆಯಲಿ.
3. “ಅದಕ್ಕೇ”, “ಆದ್ದರಿಂದ” ಕಂಡಲ್ಲಿ ನಿಂತು ಕೇಳಲಿ: ಇದು ನಿನಗೆ ಹೇಗೆ ಗೊತ್ತು?

ಫುಟ್‌ಬಾಲೇ ಏಕೆ?

ಸ್ಕೋರು, ದಿನಾಂಕ, ಗೋಲು ಹೊಡೆದವರ ಹೆಸರು ಎರಡೇ ನಿಮಿಷದಲ್ಲಿ ಪರಿಶೀಲಿಸಬಹುದು. ತಪ್ಪಿದರೂ ಯಾರಿಗೂ ಅಪಾಯವಿಲ್ಲ.

ಎಲ್ಲ ಫಾರ್ವರ್ಡ್ ಹಾಗಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಹೊರಗಿನ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅದು ನಿಜ. “ಅದಕ್ಕೇ ಇವರು ಮಕ್ಕಳ ಕಳ್ಳರು” ಎಂಬುದು ಸುಳ್ಳು. ವಾಟ್ಸ್‌ಆ್ಯಪ್‌ನಲ್ಲಿ ಹರಡಿದ ಆ ಸುಳ್ಳನ್ನು ನಂಬಿದ ಗುಂಪು ಮುರ್ಕಿಯಲ್ಲಿ ಅವರಲ್ಲೊಬ್ಬನನ್ನು ಹೊಡೆದು ಕೊಂದಿತು.

ಮುಂದಿನ ಸಲ ಫಾರ್ವರ್ಡ್ ಒತ್ತುವ ಮೊದಲು ಆ “ಅದಕ್ಕೇ” ಎಲ್ಲಿದೆ ಎಂದು ನಾವೂ ಹುಡುಕೋಣ. ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ.